ಗ್ರಾಂಟ್ ರೋಡಿನ ಒಂದು ಮೈಲಿ: ಪಕ್ಷ ಮೊದಲೋ, ಜನ ಮೊದಲೋ?

ಗ್ರಾಂಟ್ ರೋಡ್ ಸ್ಟೇಷನ್ನಿನ ಸುತ್ತಲ ಒಂದು ಮೈಲಿಯೊಳಗೆ ಈ ದೇಶದ ರಾಜಕೀಯ ಇತಿಹಾಸದ ಅರ್ಧಭಾಗವೇ ಅಡಗಿದೆ ಎಂದರೆ ಉತ್ಪ್ರೇಕ್ಷೆಯಾಗಲಾರದು. ದಿನವೂ ಲೋಕಲ್ ಗಾಡಿಯಿಂದಿಳಿದು ಗಡಿಬಿಡಿಯಿಂದ ಕೆಲಸಕ್ಕೆ ಓಡುವ ನಮಗೆ ಇದರ ನೆನಪು ಬರುವುದು ಅಪರೂಪ. ಆದರೆ ಚುನಾವಣೆ ಬಂದಾಗಲೆಲ್ಲ ಕೈಮುಗಿದು ಬಾಗಿಲಿಗೆ ಬರುವ ಪಕ್ಷಗಳ ಬೆಲೆಯನ್ನು ತೂಗಬೇಕಾದರೆ ಈ ಒಂದು ಮೈಲಿಯ ಇತಿಹಾಸವನ್ನು ನಾವು ತಿಳಿದಿರಬೇಕು.

ನಾನಾ ಚೌಕ ದಾಟಿ ಗೋವಾಲಿಯಾ ಟ್ಯಾಂಕಿನತ್ತ ನಡೆದರೆ ಗೋಕುಲದಾಸ ತೇಜಪಾಲ ಸಂಸ್ಕೃತ ಪಾಠಶಾಲೆ ಇದ್ದ ಜಾಗ ಸಿಗುತ್ತದೆ. 1885ರ ಡಿಸೆಂಬರ್ 28ರಂದು 72 ಮಂದಿ ಪ್ರತಿನಿಧಿಗಳು ಕೂಡಿ ಕಾಂಗ್ರೆಸ್ಸನ್ನು ಹುಟ್ಟುಹಾಕಿದ್ದು ಅಲ್ಲಿ. ಸಭೆ ನಡೆಯಬೇಕಾಗಿದ್ದುದು ಪುಣೆಯಲ್ಲಿ. ಅಲ್ಲಿ ಕಾಲರಾ ಬಂದುದರಿಂದ ಮುಂಬಯಿಗೆ ಆ ಭಾಗ್ಯ ಒದಗಿತು. ಇನ್ನೊಂದು ದಿಕ್ಕಿಗೆ, ಲ್ಯಾಮಿಂಗ್ಟನ್ ರೋಡಿನ ಬದಿಯ ಕಾಂಗ್ರೆಸ್ ಹೌಸ್ ಆವರಣದಲ್ಲಿ, ಜಿನ್ನಾ ಹೆಸರಿನ ಒಂದು ಸಭಾಗೃಹವಿದೆ. 1918ರಲ್ಲಿ ಗವರ್ನರ್ ವಿಲಿಂಗ್ಡನ್ನರಿಗೆ ಸ್ಮಾರಕ ಕಟ್ಟುವ ಪ್ರಯತ್ನವನ್ನು ಟೌನ್ ಹಾಲಿನಲ್ಲೇ ಎದುರಿಸಿ ನಿಂತ ಜಿನ್ನಾರ ಗೌರವಾರ್ಥ ಜನಸಾಮಾನ್ಯರು ಒಂದೊಂದು ರೂಪಾಯಿ ಕೂಡಿಸಿ ಕಟ್ಟಿಸಿದ್ದು ಅದು. ಜಿನ್ನಾ ಮುಂದೆ ಯಾವ ದಾರಿ ಹಿಡಿದರೆಂಬುದು ಬೇರೆ ಮಾತು. 1942ರ ಆಗಸ್ಟ್ 8ರಂದು ಇದೇ ಗೋವಾಲಿಯಾ ಟ್ಯಾಂಕಿನಲ್ಲಿ 'ಭಾರತ ಬಿಟ್ಟು ತೊಲಗಿ' ಗೊತ್ತುವಳಿ ಅಂಗೀಕಾರವಾಯಿತು; ಬೆಳಗಾಗುವುದರೊಳಗೆ ನಾಯಕರೆಲ್ಲ ಸೆರೆಯಾದರು.

ಆ ಕಾಲದಲ್ಲಿ ಪಕ್ಷ ಸೇರುವುದೆಂದರೆ ಕಳೆದುಕೊಳ್ಳುವುದು ಎಂದೇ ಅರ್ಥ. ನಮ್ಮ ಮಂಗಳೂರಿನ ಕಾರ್ನಾಡ್ ಸದಾಶಿವರಾಯರನ್ನೇ ನೋಡಿ. ಶ್ರೀಮಂತ ಮನೆತನದ ವಕೀಲರು. ಇದ್ದುದನ್ನೆಲ್ಲ ಚಳವಳಿಗೆ, ಹರಿಜನೋದ್ಧಾರಕ್ಕೆ, ವಿಧವೆಯರ ವಿದ್ಯಾಭ್ಯಾಸಕ್ಕೆ ಸುರಿದು ಬರಿಗೈಯಾದರು. ಫೈಜಪುರದ ಅಧಿವೇಶನಕ್ಕೆ ಹೋಗಿ ಬಂದವರು 1937ರ ಜನವರಿಯಲ್ಲಿ ತೀರಿಕೊಂಡರು. ಪಕ್ಷದಿಂದ ಅವರು ಏನನ್ನೂ ಪಡೆಯಲಿಲ್ಲ.

ಇನ್ನು ಮೂರು ದಶಕ ಮುಂದಕ್ಕೆ ಬರೋಣ. 1966ರ ಜೂನ್ 19ರಂದು ಶಿವಸೇನೆ ಸ್ಥಾಪನೆಯಾಯಿತು. ಮರಾಠಿ ಯುವಕರಿಗೆ ಕೆಲಸವಿಲ್ಲವೆಂಬ ನೋವು ಸುಳ್ಳಾಗಿರಲಿಲ್ಲ. ಆದರೆ ಆ ನೋವಿಗೆ ಕಾರಣರು ಯಾರೆಂದು ತೋರಿಸಿದ ಬೆರಳು ನಮ್ಮ ಕಡೆಗೆ ತಿರುಗಿತು. 'ಮಾರ್ಮಿಕ' ವಾರಪತ್ರಿಕೆಯಲ್ಲಿ ಕಚೇರಿಗಳ ದಕ್ಷಿಣ ಭಾರತೀಯ ನೌಕರರ ಹೆಸರುಗಳ ಪಟ್ಟಿಗಳು ಬಂದವು. ಅಕ್ಟೋಬರ್ 30ರಂದು ಶಿವಾಜಿ ಪಾರ್ಕಿನ ಮೊದಲ ಸಭೆ ಮುಗಿದಾಗ ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದ ನಮ್ಮ ಹುಡುಗರು ಯಾರ ಅನ್ನವನ್ನೂ ಕಸಿದವರಲ್ಲ.

ಅಂದಿನ ಆಳುವ ಪಕ್ಷ ಇದನ್ನು ಮೊಳಕೆಯಲ್ಲೇ ತಡೆಯಬಹುದಾಗಿತ್ತು. ತಡೆಯಲಿಲ್ಲ. ಗಿರಣಿ ಕಾರ್ಮಿಕರ ನಡುವೆ ಬೇರೂರಿದ್ದ ಕಮ್ಯುನಿಸ್ಟ್ ಯೂನಿಯನ್ನುಗಳನ್ನು ಮುರಿಯಲು ಈ ಹೊಸ ಶಕ್ತಿ ಉಪಯೋಗಕ್ಕೆ ಬಂದೀತೆಂಬ ಲೆಕ್ಕಾಚಾರ ಅದಕ್ಕಿತ್ತು. ಮುಖ್ಯಮಂತ್ರಿ ವಸಂತರಾವ್ ನಾಯಕರ ಹೆಸರು ಸೇರಿಸಿ ವಿರೋಧಿಗಳು ಇದನ್ನು 'ವಸಂತಸೇನೆ' ಎಂದು ಹಂಗಿಸಿದ್ದು ಸುಮ್ಮನೆ ಅಲ್ಲ. 1967ರ ಚುನಾವಣೆಯಲ್ಲಿ ಕೇರಳದವರಾದ ಕೃಷ್ಣ ಮೆನನ್ನರಿಗೆ ಕಾಂಗ್ರೆಸ್ ಟಿಕೆಟ್ ನಿರಾಕರಿಸಿತು. ಸ್ವತಂತ್ರವಾಗಿ ನಿಂತ ಅವರ ವಿರುದ್ಧ ಶಿವಸೇನೆ ಕಾಂಗ್ರೆಸ್ ಅಭ್ಯರ್ಥಿಯ ಪರ ಪ್ರಚಾರ ಮಾಡಿತು. ವಿರೋಧ ಪಕ್ಷಗಳೂ ಹಿಂದೆ ಬೀಳಲಿಲ್ಲ. ಸಮಾಜವಾದದ ಹೆಸರು ಹೊತ್ತ ಪ್ರಜಾ ಸೋಷಲಿಸ್ಟ್ ಪಕ್ಷ 1968ರ ನಗರಪಾಲಿಕೆ ಚುನಾವಣೆಯಲ್ಲಿ ಶಿವಸೇನೆಯೊಡನೆ ಕೈಜೋಡಿಸಿತು. ಶಿವಸೇನೆಗೆ 42 ಸ್ಥಾನಗಳು ಸಿಕ್ಕವು.

ಗಡಿಯ ಪ್ರಶ್ನೆಯೂ ಇದೇ ವೇಳೆಗೆ ಬಂತು. ಸೇನಾಪತಿ ಬಾಪಟರ ಉಪವಾಸದ ನಂತರ, 1966ರ ಅಕ್ಟೋಬರ್ 25ರಂದು, ಚುನಾವಣೆಗೆ ನಾಲ್ಕು ತಿಂಗಳು ಇರುವಾಗ, ಕೇಂದ್ರ ಸರಕಾರ ಮಹಾಜನ್ ಆಯೋಗವನ್ನು ನೇಮಿಸಿತು. 1967ರಲ್ಲಿ ವರದಿ ಬಂತು. ಬೆಳಗಾವಿ ಮೈಸೂರು ರಾಜ್ಯದಲ್ಲೇ ಉಳಿಯಬೇಕು, 264 ಹಳ್ಳಿಗಳು ಮಹಾರಾಷ್ಟ್ರಕ್ಕೆ, 247 ಹಳ್ಳಿಗಳು ಮೈಸೂರಿಗೆ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರಿಗೆ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. ದೆಹಲಿ, ಮುಂಬಯಿ, ಬೆಂಗಳೂರು ಮೂರೂ ಕಡೆ ಕಾಂಗ್ರೆಸ್ಸೇ ಆಳುತ್ತಿದ್ದರೂ ಒಂದೇ ಮನೆಯವರು ಕುಳಿತು ಬಗೆಹರಿಸಲಿಲ್ಲ. ಬಗೆಹರಿಸಿದರೆ ಎರಡರಲ್ಲಿ ಒಂದು ಕಡೆ ಮತ ಕಳೆದುಕೊಳ್ಳಬೇಕಿತ್ತಲ್ಲ!

ಇದರ ಬೆಲೆ ತೆತ್ತದ್ದು ಈ ನಗರ. 1969ರ ಫೆಬ್ರುವರಿಯಲ್ಲಿ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರ ಕಾರು ಮಾಹಿಮಿನಲ್ಲಿ ನಿಲ್ಲದೆ ಹೋದುದೇ ನೆಪವಾಗಿ ಗಲಭೆ ಹೊತ್ತಿಕೊಂಡಿತು. ದಿನಗಟ್ಟಲೆ ನಡೆದ ಆ ದೊಂಬಿಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ಹೋಟೆಲುಗಳು ಲೂಟಿಯಾದವು. ಸತ್ತವರಿಂದ ಬೆಳಗಾವಿಯ ಒಂದು ಹಳ್ಳಿಯೂ ಆಚೀಚೆ ಆಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ದಕ್ಷಿಣದವರನ್ನು ಹಳಿದ ಪಕ್ಷವೋ, ಮುಂದೆ ಆ ಘೋಷಣೆಯನ್ನು ಮಡಿಸಿಟ್ಟು ಬೇರೆ ಘೋಷಣೆ ಹಿಡಿಯಿತು. ಅದಕ್ಕೆ ಬೇಕಾಗಿದ್ದುದು ಒಬ್ಬ ಶತ್ರು. ಅವನು ಯಾರಾದರೂ ಆದೀತು.

ಇಷ್ಟು ಹೇಳಿ ಪರರ ಮೇಲೆ ತಪ್ಪು ಹೊರಿಸಿ ಕುಳಿತರೆ ನ್ಯಾಯವಾಗದು. ನಮ್ಮವರೂ ಕಡಿಮೆಯಿಲ್ಲ. ಮಂಗಳೂರಿನಿಂದ ಬಂದು ಚೌಪಾಟಿಯಲ್ಲಿ ರಾತ್ರಿ ಕಳೆದು, ಕಾರ್ಮಿಕರ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸರು 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದಾಗ ಹಿಗ್ಗದ ಕನ್ನಡಿಗನಿರಲಿಲ್ಲ. ಅದೇ ಫರ್ನಾಂಡಿಸರು 1979ರ ಜುಲೈಯಲ್ಲಿ ಮೊರಾರ್ಜಿ ಸರಕಾರವನ್ನು ಲೋಕಸಭೆಯಲ್ಲಿ ಆವೇಶದಿಂದ ಸಮರ್ಥಿಸಿ, ಕೆಲವೇ ದಿನಗಳಲ್ಲಿ ಆ ಸರಕಾರವನ್ನು ಬಿಟ್ಟು ಎದುರು ಪಾಳೆಯ ಸೇರಿದರು. ಕಾಸರಗೋಡಿನ ವಿಷಯಕ್ಕೆ ಬಂದರೆ, ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿನುದ್ದಕ್ಕೂ ಕೂಗಿದರು. 2015ರಲ್ಲಿ ಅವರು ಕಣ್ಮುಚ್ಚಿದಾಗಲೂ ಆ ಕೂಗಿಗೆ ಉತ್ತರ ಸಿಕ್ಕಿರಲಿಲ್ಲ. ಕಾಸರಗೋಡಿನವರ ಮತ ಬೆಂಗಳೂರಿನ ಪೆಟ್ಟಿಗೆಗೆ ಬೀಳುವುದಿಲ್ಲವಷ್ಟೆ.

1985ರಲ್ಲಿ ಕಾಂಗ್ರೆಸ್ಸಿನ ಶತಮಾನೋತ್ಸವ ಮುಂಬಯಿಯಲ್ಲೇ ನಡೆಯಿತು. ಪಕ್ಷವು ಅಧಿಕಾರದ ದಲ್ಲಾಳಿಗಳ ಕೈಗೆ ಸಿಕ್ಕಿದೆಯೆಂದು ರಾಜೀವ ಗಾಂಧಿಯವರು ತಮ್ಮ ಪಕ್ಷವನ್ನೇ ಎಚ್ಚರಿಸಿದರು. ಅದೇ ವರ್ಷ ಪಕ್ಷಾಂತರ ನಿಷೇಧ ಕಾನೂನು ಬಂತು. ಆದರೆ ಮೂರನೇ ಒಂದು ಪಾಲು ಶಾಸಕರು ಒಟ್ಟಾಗಿ ಒಡೆದರೆ ಅದು ಪಕ್ಷಾಂತರವಲ್ಲ ಎಂಬ ಕಿಂಡಿ ಅದರಲ್ಲಿತ್ತು. ಒಬ್ಬ ಹಾರಿದರೆ ತಪ್ಪು, ಗುಂಪಾಗಿ ಹಾರಿದರೆ ಸರಿ! 2003ರಲ್ಲಿ ಆ ಕಿಂಡಿ ಮುಚ್ಚಿದಾಗ ರಾಜೀನಾಮೆಯೆಂಬ ಹೊಸ ಬಾಗಿಲು ತೆರೆಯಿತು. 2019ರ ಜುಲೈಯಲ್ಲಿ ಕರ್ನಾಟಕದ ಶಾಸಕರು ರಾಜೀನಾಮೆ ಕೊಟ್ಟು ಬಂದು ಉಳಿದುಕೊಂಡದ್ದು ನಮ್ಮ ಮುಂಬಯಿಯ ಹೋಟೆಲಿನಲ್ಲಿ. 23ರಂದು ಕುಮಾರಸ್ವಾಮಿ ಸರಕಾರ ಬಿತ್ತು, 26ರಂದು ಯಡಿಯೂರಪ್ಪನವರು ಪ್ರಮಾಣವಚನ ಸ್ವೀಕರಿಸಿದರು. ಆಗಸ್ಟ್ ಮೊದಲ ವಾರದಲ್ಲಿ ಕೃಷ್ಣೆ ಉಕ್ಕಿ ಬೆಳಗಾವಿ, ಬಾಗಲಕೋಟೆಗಳ ಊರುಗಳು ಮುಳುಗಿದವು. ರಾಜ್ಯದಲ್ಲಿ ಆಗ ಒಬ್ಬ ಮಂತ್ರಿಯೂ ಇರಲಿಲ್ಲ. ಇದ್ದವರು ಮುಖ್ಯಮಂತ್ರಿ ಒಬ್ಬರೇ. ಸಂಪುಟ ರಚನೆಯಾದದ್ದು ಆಗಸ್ಟ್ 20ರಂದು. ಊರಲ್ಲಿ ತಂದೆತಾಯಿಯರನ್ನು ಬಿಟ್ಟು ಬಂದ ನಮ್ಮಂಥವರಿಗೆ ಆ ದಿನಗಳು ಹೇಗೆ ಕಳೆದಿರಬಹುದೆಂದು ವಿವರಿಸಬೇಕಾಗಿಲ್ಲ.

ಪಕ್ಷಗಳೇ ಬೇಡವೆಂದು ನಾವು ಹೇಳುತ್ತಿಲ್ಲ. ಪಕ್ಷವಿಲ್ಲದೆ ಪ್ರಜಾಪ್ರಭುತ್ವ ನಡೆಯದು. ಆದರೆ ಒಂದು ಮಾತು ಗಮನಿಸಬೇಕು. 1918ರಲ್ಲಿ ಒಂದೊಂದು ರೂಪಾಯಿ ಕೊಟ್ಟವರು ಲೆಕ್ಕ ಕೇಳುವ ಹಕ್ಕನ್ನೂ ಇಟ್ಟುಕೊಂಡಿದ್ದರು. ಇಂದು ಪಕ್ಷಗಳು ನಮ್ಮ ಒಂದು ರೂಪಾಯಿಯನ್ನು ನೆಚ್ಚಿ ನಡೆಯುತ್ತಿಲ್ಲ. ಆದ್ದರಿಂದ ನಮಗೆ ಉತ್ತರ ಕೊಡಬೇಕೆಂಬ ಭಯವೂ ಅವಕ್ಕಿಲ್ಲ. ಉಳಿದಿರುವುದು ಮತವೊಂದೇ. ಅದನ್ನು ಭಾಷೆಯ ಹೆಸರಿಗೋ, ಜಾತಿಯ ಹೆಸರಿಗೋ ಗಂಟು ಕಟ್ಟಿ ಕೊಟ್ಟುಬಿಟ್ಟರೆ ಕೇಳುವ ಹಕ್ಕು ಅಲ್ಲಿಗೇ ಮುಗಿಯಿತು. ಮುಂದಿನ ಸಲ ಬಾಗಿಲಿಗೆ ಬಂದವರನ್ನು, ಅವರು ಕನ್ನಡದಲ್ಲೇ ಮಾತನಾಡಲಿ ಮರಾಠಿಯಲ್ಲೇ ಮಾತನಾಡಲಿ, ಕೂರಿಸಿ ಒಂದು ಲೋಟ ಕಾಫಿ ಕೊಟ್ಟು, ಕಳೆದ ಐದು ವರ್ಷ ಅವರು ಎಷ್ಟು ಸಲ ಪಕ್ಷ ಬದಲಿಸಿದರು, ನಮ್ಮ ವಾರ್ಡಿಗೆ ಏನು ಮಾಡಿದರು ಎಂದು ಕೇಳೋಣ.