“ಟೋನ್ ಜಾಸ್ತಿ ಆಗುತ್ತೆ, ಮಾಡಿಸ್ಬೇಡ!” – ನ್ಯೂರೋ ಫಿಸಿಯೋಗಳು ಒಟ್ಟಿಗೆ ಕೂತ ಕಥೆ

ಭಾಗ 1/6

ಹೋದ ವರ್ಷ ಇಂಟರ್ನ್‌ಶಿಪ್‌ನಲ್ಲಿ ನಡೆದದ್ದು. ಪಾರ್ಶ್ವವಾಯು ಆಗಿ ಎರಡು ತಿಂಗಳಾಗಿದ್ದ ಒಬ್ಬರು ಅಂಕಲ್. ಬಲಗೈ ಮೊಣಕೈಯಲ್ಲಿ ಮಡಚಿಕೊಂಡು ಎದೆಗೆ ಅಂಟಿಕೊಂಡಿತ್ತು. ನಾನು ಹಗುರವಾಗಿ ಅಡ್ಡ ಒತ್ತಿ ಹಿಡಿದು, ಅದರ ಎದುರಿಗೆ ಕೈ ಚಾಚೋದನ್ನ ಮಾಡಿಸ್ತಿದ್ದೆ.

ಬೆಳಗ್ಗೆ ಬಂದ ಸೀನಿಯರ್ ಒಬ್ಬರು, “ಏನಿದು? ಬಿಗಿ ಇರೋ ಕೈಗೆ ಸ್ಟ್ರೆಂತ್ ಮಾಡಿಸ್ತಾರಾ? ಟೋನ್ ಜಾಸ್ತಿ ಆಗುತ್ತೆ, ನಿಲ್ಲಿಸು” ಅಂದ್ರು. ಮಧ್ಯಾಹ್ನ ಬಂದ ಇನ್ನೊಬ್ಬರು, “ಯಾಕೆ ಸುಮ್ನೆ ಕೈ ಸವರ್ತಾ ಕೂತಿದೀಯ? ಬಲ ಇಲ್ದೆ ಕೈ ಹೇಗೆ ಏಳುತ್ತೆ? ಮಾಡಿಸು” ಅಂದ್ರು.

ಪಕ್ಕದಲ್ಲೇ ಕೂತಿದ್ದ ಆಂಟಿ ಎರಡನ್ನೂ ಕೇಳಿಸಿಕೊಂಡಿದ್ರು. ಸಂಜೆ ಮೆಲ್ಲಗೆ ಕೇಳಿದ್ರು: “ನೀವು ಒಬ್ಬೊಬ್ಬರು ಒಂದೊಂದು ಹೇಳ್ತೀರಲ್ಲಮ್ಮ, ನಾನು ಮನೇಲಿ ಏನು ಮಾಡಿಸ್ಲಿ?”

ನನ್ನ ಹತ್ರ ಉತ್ತರ ಇರಲಿಲ್ಲ.

ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ಈ ಜಗಳಕ್ಕೆ ಅರ್ಧ ಶತಮಾನಕ್ಕಿಂತ ಹೆಚ್ಚು ವಯಸ್ಸಾಗಿದೆ ಅಂತ. ಅದನ್ನ ಬಗೆಹರಿಸಿದ್ದು ಒಬ್ಬ ಮಹಾಗುರು ಅಲ್ಲ. ಬೇರೆ ಬೇರೆ ಊರಿನ ಥೆರಪಿಸ್ಟ್‌ಗಳು ಒಂದೇ ಕೋಣೆಯಲ್ಲಿ ಕೂತು ಒಬ್ಬರನ್ನೊಬ್ಬರು ಪ್ರಶ್ನೆ ಮಾಡೋಕೆ ಶುರು ಮಾಡಿದ್ದು. ಈ ಸಲದ ಸರಣಿ ಅದರ ಕಥೆ. ಸೇವ್ ಮಾಡಿಟ್ಕೊಳ್ಳಿ, ಪರೀಕ್ಷೆಗೂ ಆಗುತ್ತೆ.

ಭಾಗ 2/6

ಮೊದಲು 1894ರ ಲಂಡನ್‌ಗೆ ಹೋಗೋಣ.

ಆಗ ‘ಫಿಸಿಯೋಥೆರಪಿ’ ಅನ್ನೋ ವೃತ್ತಿನೇ ಇರಲಿಲ್ಲ. ಮಸಾಜ್ ಇತ್ತು, ಜೊತೆಗೆ ಅದರ ಹೆಸರಲ್ಲಿ ನಡೀತಿದ್ದ ಬೇರೆ ದಂಧೆಗಳೂ ಇದ್ದವು. ಆ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್ ಮಸಾಜ್ ಹೆಸರಿನ ಹಗರಣಗಳ ಬಗ್ಗೆ ಎಚ್ಚರಿಕೆ ಕೊಟ್ಟು ಬರೆಯಿತು. ಮರ್ಯಾದೆಯಿಂದ ಕೆಲಸ ಮಾಡ್ತಿದ್ದ ಹೆಣ್ಣುಮಕ್ಕಳ ಮೇಲೂ ಅದೇ ಕಳಂಕ ಬಂತು.

ಆಗ ನಾಲ್ವರು ಸೇರಿದರು: ಲೂಸಿ ರಾಬಿನ್ಸನ್, ರೊಸಾಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್. ತರಬೇತಿ ಪಡೆದ ಮಸಾಜ್‌ಕಾರ್ತಿಯರ ಸಂಘವೊಂದನ್ನು ಕಟ್ಟಿದರು. ನಿಯಮ ಬಿಗಿ: ವೈದ್ಯರ ಸೂಚನೆ ಇಲ್ಲದೆ ಚಿಕಿತ್ಸೆ ಇಲ್ಲ, ವೈದ್ಯಕೀಯ ಪತ್ರಿಕೆಗಳಲ್ಲಿ ಬಿಟ್ಟು ಬೇರೆಲ್ಲೂ ಜಾಹೀರಾತು ಇಲ್ಲ, ರೋಗಿಗಳಿಗೆ ಔಷಧಿ ಮಾರುವಂತಿಲ್ಲ. 1920ರಲ್ಲಿ ಇದಕ್ಕೆ ರಾಜಸನದು ಸಿಕ್ಕಿತು. 1944ರಲ್ಲಿ ‘ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿ’ ಅಂತ ಹೆಸರಾಯಿತು.

ಇಲ್ಲಿ ಗಮನಿಸಿ. ನಮ್ಮ ವೃತ್ತಿ ಹುಟ್ಟಿದ್ದೇ ‘ಒಬ್ಬೊಬ್ಬರೇ ಇದ್ದರೆ ಉಳಿಯಲ್ಲ’ ಅನ್ನೋ ಅರಿವಿನಿಂದ. ಆದರೆ ಆ ಸಂಘ ಮೊದಲು ಉಳಿಸಿದ್ದು ಮಾನವನ್ನ. ‘ನಾವು ಕೊಡೋ ಚಿಕಿತ್ಸೆ ಸರಿನಾ?’ ಅಂತ ಒಟ್ಟಿಗೆ ಕೇಳಿಕೊಳ್ಳೋಕೆ ಇನ್ನೂ ಬಹಳ ಕಾಲ ಬೇಕಾಯಿತು.

ಭಾಗ 3/6

ಈಗ ನಮ್ಮ ಪಠ್ಯಪುಸ್ತಕದ ದೊಡ್ಡ ಹೆಸರುಗಳು.

ಬರ್ಟಾ ಬೊಬಾತ್ ಬರ್ಲಿನ್‌ನವರು, ವ್ಯಾಯಾಮ ಶಿಕ್ಷಕಿ. ನಾಜಿಗಳಿಂದ ತಪ್ಪಿಸಿಕೊಂಡು ಲಂಡನ್ ಸೇರಿದರು. 1940ರ ದಶಕದಲ್ಲಿ ಸೈಮನ್ ಎಲ್ವಿಸ್ ಅನ್ನೋ ಪ್ರಸಿದ್ಧ ಚಿತ್ರಕಾರರಿಗೆ ಪಾರ್ಶ್ವವಾಯು ಆದಾಗ ಚಿಕಿತ್ಸೆಗೆ ಬರ್ಟಾ ಅವರನ್ನು ಕರೆದರು. ಆ ಕಾಲದ ಪದ್ಧತಿ ಅಂದರೆ ಚೆನ್ನಾಗಿರೋ ಕೈಕಾಲಿಂದ ಹೇಗೋ ನಿಭಾಯಿಸೋದು, ಕೆಟ್ಟ ಭಾಗಕ್ಕೆ ಪಟ್ಟಿ ಕಟ್ಟೋದು. ಬರ್ಟಾ ಮಾತ್ರ ಕೆಟ್ಟ ಕೈಯನ್ನೇ ಹಿಡಿದರು. ಭಂಗಿ ಬದಲಿಸಿದಾಗ ಬಿಗಿತ ಸಡಿಲ ಆಗೋದನ್ನ ತಮ್ಮ ಕೈಯಿಂದಲೇ ಮುಟ್ಟಿ ಕಂಡುಕೊಂಡರು. ಬಿಗಿತವನ್ನ ಮೊದಲು ತಗ್ಗಿಸು, ಆಮೇಲೆ ಸಹಜ ಚಲನೆಗೆ ದಾರಿ ಮಾಡು. ಇದು ಅವರ ಮಾತು. ಗಂಡ ಡಾಕ್ಟರ್ ಕಾರೆಲ್ ಅದಕ್ಕೆ ನರಶಾಸ್ತ್ರದ ವಿವರಣೆ ಕೊಟ್ಟರು.

ಅಮೆರಿಕದಲ್ಲಿ, ಸ್ವೀಡನ್ ಮೂಲದ ಸಿಗ್ನೆ ಬ್ರನ್‌ಸ್ಟ್ರಾಮ್ ಹೇಳಿದ್ದು ಹೆಚ್ಚುಕಮ್ಮಿ ಉಲ್ಟಾ. ಆರಂಭದಲ್ಲಿ ಬರೋ ಸಿನರ್ಜಿ, ರಿಫ್ಲೆಕ್ಸ್‌ಗಳಿಗೆ ಹೆದರಬೇಡಿ, ಅವನ್ನೇ ಮೆಟ್ಟಿಲು ಮಾಡಿಕೊಳ್ಳಿ ಅಂದರು. ಕ್ಯಾಲಿಫೋರ್ನಿಯಾದಲ್ಲಿ ಹರ್ಮನ್ ಕಬಾಟ್, ಮಾರ್ಗರೆಟ್ ನಾಟ್, ಡೊರೊತಿ ವಾಸ್ ಅವರ ಪಿಎನ್‌ಎಫ್: ಓರೆ ಚಲನೆಗಳಿಗೆ ಥೆರಪಿಸ್ಟ್ ಕೈಯಿಂದಲೇ ಅಡ್ಡ ಒತ್ತಡ. ಮಾರ್ಗರೆಟ್ ರೂಡ್ ಅವರದು ಬ್ರಷ್, ಐಸ್.

ಒಂದೇ ರೋಗಿ, ನಾಲ್ಕು ಸಲಹೆ. ನೀವು ಯಾರ ಕೋರ್ಸ್ ಮಾಡಿದ್ದೀರೋ ಅದು ನಿಮ್ಮ ಘರಾಣೆ. ಗುರು ಹೇಳಿದ್ದು ಶಿಷ್ಯೆಗೆ ವೇದವಾಕ್ಯ. ನನ್ನ ಬೆಳಗಿನ ಸೀನಿಯರ್, ಮಧ್ಯಾಹ್ನದ ಸೀನಿಯರ್ ನೆನಪಾದ್ರಾ?

ಇವರನ್ನೆಲ್ಲ ನಾನು ಹಗುರ ಮಾಡ್ತಿಲ್ಲ. ಕೈಬಿಟ್ಟ ಕೈಯನ್ನ ಮತ್ತೆ ಹಿಡಿಯೋ ಧೈರ್ಯ ಕೊಟ್ಟವರು ಇವರೇ. ತೊಡಕು ಇದ್ದಿದ್ದು ಬೇರೆ ಕಡೆ: ಪ್ರತಿಯೊಬ್ಬರೂ ನೋಡಿದ್ದು ತಮ್ಮ ರೋಗಿಗಳನ್ನ ಮಾತ್ರ.

ಭಾಗ 4/6

1966ರ ಬೇಸಿಗೆ. ಷಿಕಾಗೋ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ. ‘ನಸ್ಟೆಪ್’ ಅಂತ ಕರೆಯೋ ಒಂದು ಸಮಾವೇಶ. ಈ ಎಲ್ಲ ಘರಾಣೆಗಳನ್ನ ಒಂದೇ ಕಡೆ ಅಕ್ಕಪಕ್ಕ ಇಟ್ಟು, ಇವುಗಳಿಗೆ ಸಮಾನವಾದ ತಳಹದಿ ಏನು ಅಂತ ವಾರಗಟ್ಟಲೆ ಚರ್ಚೆ ಮಾಡಿದರು. ನಡಾವಳಿ ಮುಂದಿನ ವರ್ಷ ಅಚ್ಚಾಯಿತು, ಕಾಲೇಜುಗಳ ಪಾಠಕ್ಕೂ ಬಂತು.

ಅಲ್ಲಿ ಜಗಳ ಮುಗಿಯಲಿಲ್ಲ. ಆದರೆ ಒಂದು ಅಭ್ಯಾಸ ಶುರುವಾಯಿತು. ಅದೇ ಸಾಲಿನ ಎರಡನೇ ಸಮಾವೇಶ 1990ರಲ್ಲಿ ಒಕ್ಲಹೋಮಾದಲ್ಲಿ ನಡೆಯಿತು, ಮೂರನೆಯದು 2005ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ, ನಾಲ್ಕನೆಯದು 2016ರಲ್ಲಿ ಕೊಲಂಬಸ್‌ನಲ್ಲಿ. ಪ್ರತಿ ಸಲ ಹಿಂದಿನವರು ನಂಬಿದ್ದನ್ನ ಮತ್ತೆ ಮೇಜಿನ ಮೇಲೆ ಇಟ್ಟರು. ಈ ನಡುವೆ, 1982ರಲ್ಲಿ, ಸಿಡ್ನಿಯ ಜ್ಯಾನೆಟ್ ಕಾರ್ ಮತ್ತು ರೊಬರ್ಟಾ ಶೆಫರ್ಡ್ ತಮ್ಮ ಪುಸ್ತಕದಲ್ಲಿ ‘ರೋಗಿ ಕಲಿಯೋನು, ಕೆಲಸವನ್ನೇ ಅಭ್ಯಾಸ ಮಾಡಿಸಿ’ ಅನ್ನೋ ದಾರಿ ತೆರೆದಿದ್ದರು.

ಆದರೆ ದೊಡ್ಡ ಸಮಾವೇಶ ಹದಿನೈದು ಇಪ್ಪತ್ತು ವರ್ಷಕ್ಕೊಮ್ಮೆ. ಸೋಮವಾರ ಬೆಳಗ್ಗೆ ರೋಗಿ ಎದುರಿಗೆ ಕೂತಾಗ ಯಾರನ್ನ ಕೇಳೋದು?

ಇದಕ್ಕೆ ಬ್ರಿಟನ್ ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ. 1981ರಲ್ಲಿ ಅಲ್ಲಿ ನರರೋಗ ಚಿಕಿತ್ಸೆಯಲ್ಲಿ ಆಸಕ್ತಿ ಇರೋ ಫಿಸಿಯೋಥೆರಪಿಸ್ಟ್‌ಗಳ ಸಂಘ ಹುಟ್ಟಿತು. ಚಿಕ್ಕದಾಗಿ ‘ಆಕ್ಪಿನ್’. ಆರಂಭದ ಹೆಸರಲ್ಲೇ ‘ಆಸಕ್ತಿ ಇರುವವರು’ ಅಂತಿತ್ತು, ‘ಪರಿಣತರು’ ಅಂತಿರಲಿಲ್ಲ. ಹೊಸಬರಿಗೂ ಬಾಗಿಲು ತೆರೆದಿರುತ್ತೆ.

ಇದರ ನಿಜವಾದ ಶಕ್ತಿ ಇರೋದು ಪ್ರಾದೇಶಿಕ ಗುಂಪುಗಳಲ್ಲಿ. ಸ್ಕಾಟ್ಲೆಂಡ್, ಯಾರ್ಕ್‌ಶೈರ್, ಮ್ಯಾಂಚೆಸ್ಟರ್, ಕೆಂಟ್ ಹೀಗೆ ಒಂದೊಂದು ಸೀಮೆಗೆ ಒಂದೊಂದು. ನಡೆಸೋರು ಅಲ್ಲಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡೋರೇ, ಸ್ವಯಂಸೇವೆಯಿಂದ. ಉಪನ್ಯಾಸ, ಅಭ್ಯಾಸ ಶಿಬಿರ ಎಲ್ಲ ತಮ್ಮ ಸೀಮೆಯಲ್ಲೇ. ‘ಸಿನಾಪ್ಸ್’ ಅಂತ ಒಂದು ಪತ್ರಿಕೆ. 2015ರಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್‌ಗಳ ಕಾಲೇಜಿನ ಜೊತೆ ಸೇರಿ ಸ್ಪ್ಲಿಂಟ್ ಬಳಕೆಗೆ ಮಾರ್ಗಸೂಚಿ ಹೊರತಂದರು. ಒಂದು ಊರಿನ ಅನುಮಾನ ಇಡೀ ದೇಶದ ಪ್ರಶ್ನೆ ಆಗೋದು ಹೀಗೆ.

ಭಾಗ 5/6

ಒಟ್ಟಿಗೆ ಕೂತರೆ ಏನು ಸಿಗುತ್ತೆ? ಮೂರು ಉದಾಹರಣೆ. ಮೂರರಲ್ಲೂ ಸ್ವಲ್ಪ ನೋವಿದೆ.

ಒಂದು. ಬಿಗಿ ಇರೋ ಕೈಗೆ ಸ್ಟ್ರೆಂತ್ ಮಾಡಿಸಿದ್ರೆ ಟೋನ್ ಏರುತ್ತೆ ಅನ್ನೋದು ದಶಕಗಳ ನಂಬಿಕೆ. 2006ರಲ್ಲಿ ಲೂಯಿಸ್ ಅಡಾ ಮತ್ತು ಜೊತೆಗಾರರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಬಲ ಹೆಚ್ಚುತ್ತೆ, ಕೆಲಸ ಮಾಡೋ ಶಕ್ತಿ ಸುಧಾರಿಸುತ್ತೆ, ಬಿಗಿತ ಹೆಚ್ಚಲ್ಲ. ಎಷ್ಟು ಸಾವಿರ ರೋಗಿಗಳಿಗೆ ನಾವು ಭಯದಿಂದ ಬಲ ಕೊಡದೆ ಬಿಟ್ಟಿರಬಹುದು, ಯೋಚನೆ ಮಾಡಿ.

ಎರಡು. ಪಾರ್ಶ್ವವಾಯು ಆದ 24 ಗಂಟೆಯೊಳಗೆ ಎಬ್ಬಿಸಬೇಕು, ಹೆಚ್ಚು ಎಬ್ಬಿಸಿದಷ್ಟೂ ಒಳ್ಳೇದು ಅನ್ನೋ ಉತ್ಸಾಹ ಇತ್ತು. ಮೆಲ್ಬರ್ನ್‌ನ ಫಿಸಿಯೋಥೆರಪಿಸ್ಟ್ ಜೂಲಿ ಬರ್ನ್‌ಹಾರ್ಟ್ ಅದನ್ನ ಪರೀಕ್ಷೆಗೆ ಇಟ್ಟರು. 5 ದೇಶ, 56 ಸ್ಟ್ರೋಕ್ ಘಟಕ, 2,104 ರೋಗಿಗಳು. 2015ರಲ್ಲಿ ಫಲಿತಾಂಶ: ಬೇಗ ಬೇಗ, ಹೆಚ್ಚು ಹೆಚ್ಚು ಎಬ್ಬಿಸಿದ ಗುಂಪಿನಲ್ಲಿ ಮೂರು ತಿಂಗಳಿಗೆ ಚೆನ್ನಾಗಿದ್ದವರು 46%. ಮಾಮೂಲಿ ಆರೈಕೆಯಲ್ಲಿ 50%. (ಮಲಗಿಸಿಡಿ ಅಂತ ಅರ್ಥ ಅಲ್ಲ! ಮಾಮೂಲಿ ಗುಂಪನ್ನೂ ಎಬ್ಬಿಸ್ತಿದ್ರು. ಮೊದಲ ದಿನ ಅತಿ ಮಾಡಬೇಡಿ ಅಂತ.) ಒಂದೇ ಆಸ್ಪತ್ರೆಯಲ್ಲಿ, ಒಬ್ಬರ ಕಣ್ಣಿಗೆ, ಈ ನಾಲ್ಕು ಶೇಕಡಾ ಯಾವತ್ತಾದರೂ ಕಾಣ್ತಿತ್ತಾ?

ಮೂರನೆಯದು ನಮ್ಮ ದೇಶದ್ದೇ. ಥೆರಪಿಸ್ಟ್‌ಗಳು ಕಡಿಮೆ, ಹಾಗಾಗಿ ಮನೆಯವರಿಗೇ ಕಲಿಸಿದರೆ? 14 ಭಾರತೀಯ ಆಸ್ಪತ್ರೆಗಳು, 1,250 ರೋಗಿಗಳು. 2017ರಲ್ಲಿ ಉತ್ತರ ಬಂತು: ಆರು ತಿಂಗಳಿಗೆ ಸಾವು ಅಥವಾ ಪರಾವಲಂಬನೆ ಎರಡೂ ಗುಂಪಲ್ಲಿ 47%. ವ್ಯತ್ಯಾಸ ಇಲ್ಲ. ಎಲ್ಲರಿಗೂ ಬೇಜಾರು. ಆದರೆ ‘ಮನೆಯವರಿಗೆ ಹೇಳಿಕೊಟ್ಟಾಯ್ತಲ್ಲ’ ಅಂತ ಕೈತೊಳೆದುಕೊಳ್ಳೋ ಹಾಗಿಲ್ಲ ಅನ್ನೋದು ನಮಗೆ ಗೊತ್ತಾಗಿದ್ದು ಅದರಿಂದಲೇ.

ಕೋರ್ಸ್ ಮಾಡಿದರೆ ಸರ್ಟಿಫಿಕೇಟ್ ಸಿಗುತ್ತೆ. ‘ನಾವು ತಪ್ಪಿದ್ವಿ’ ಅನ್ನೋದು ಗೊತ್ತಾಗೋಕೆ ಬೇರೆಯವರೂ ಬೇಕು.

ಭಾಗ 6/6

ಈಗ ನಮ್ಮ ಕಡೆ ಬನ್ನಿ.

ಭಾರತೀಯ ಫಿಸಿಯೋಥೆರಪಿಸ್ಟ್‌ಗಳ ಸಂಘ 1955ರಲ್ಲೇ ಹುಟ್ಟಿದೆ. ನಮ್ಮ ವೃತ್ತಿಯನ್ನೂ ಒಳಗೊಂಡ ರಾಷ್ಟ್ರಮಟ್ಟದ ಕಾನೂನು ಬಂದಿದ್ದು 2021ರಲ್ಲಿ. ಇವೆರಡೂ ಬೇಕಾದವೇ. ಆದರೆ ಅವು ಸೋಮವಾರ ಬೆಳಗಿನ ಪ್ರಶ್ನೆಗೆ ಉತ್ತರ ಕೊಡಲ್ಲ.

ಒಂದು ದೃಶ್ಯ ನೆನೆಸಿಕೊಳ್ಳಿ. ರಾಯಚೂರು ಕಡೆಯ ಒಬ್ಬರು ನಿಮ್ಹಾನ್ಸ್‌ಗೆ ಬಂದು, ಚಿಕಿತ್ಸೆ ಆಗಿ, ಫೈಲ್ ಹಿಡಿದು ರಾತ್ರಿ ಬಸ್ಸಲ್ಲಿ ಊರಿಗೆ ಹೋಗ್ತಾರೆ. ಊರಿಗೆ ಹತ್ತಿರದ ಪೇಟೆಯಲ್ಲಿ ಒಂದು ಕ್ಲಿನಿಕ್. ಅಲ್ಲಿರೋರು ನಮ್ಮ ನಿಮ್ಮ ಥರ ಒಬ್ಬರೇ. ದಿನವಿಡೀ ಮಂಡಿನೋವು, ಸೊಂಟನೋವು ನೋಡೋರು. ಅವರ ಎದುರಿಗೆ ನಡೆದಾಡೋಕೆ ತೂರಾಡೋ ಅಟಾಕ್ಸಿಯಾ ರೋಗಿ. ಫೈಲಲ್ಲಿ ‘ಫಿಸಿಯೋಥೆರಪಿ ಮುಂದುವರಿಸಿ’ ಅಂತ ಒಂದೇ ಸಾಲು. ಯಾರಿಗೆ ಫೋನ್ ಮಾಡ್ತಾರೆ?

ಇನ್ನೊಂದು ವರ್ಷದಲ್ಲಿ ನಮ್ಮ ಬ್ಯಾಚ್ ಕೂಡ ಹೀಗೇ ಚದುರಿ ಹೋಗುತ್ತೆ. ಅದಕ್ಕೆ ನನ್ನದೊಂದು ಪ್ರಸ್ತಾಪ. ಕೋರ್ಸ್ ಫೀಸ್, ಹೋಟೆಲ್ ಹಾಲ್ ಏನೂ ಬೇಡ. ಅಕ್ಕಪಕ್ಕದ ಎರಡು ಮೂರು ಜಿಲ್ಲೆ ಸೇರಿ ಒಂದು ಗುಂಪು. ತಿಂಗಳಿಗೊಂದು ಶನಿವಾರ ಸಂಜೆ, ಯಾರದಾದ್ರೂ ಕ್ಲಿನಿಕ್‌ನಲ್ಲಿ, ಆಗದಿದ್ರೆ ವಿಡಿಯೋ ಕಾಲ್. ಮೂರೇ ಕೆಲಸ: ಒಂದು ಕೇಸ್ (ರೋಗಿಯ ಒಪ್ಪಿಗೆ ಇರಬೇಕು, ಹೆಸರು ಇರಬಾರದು), ಒಂದು ಸಂಶೋಧನಾ ಲೇಖನ, ಮತ್ತೆ ‘ಈ ತಿಂಗಳು ನಾನು ತಪ್ಪಿದ್ದು’ ಅಂತ ಒಬ್ಬರು ಹೇಳೋದು. ಮೂರನೆಯದೇ ಕಷ್ಟ. ಮೊದಲ ಸಲ ನಾನೇ ಹೇಳ್ತೀನಿ.

ಯಾಕಂದ್ರೆ ಆ ಸಂಜೆ ಆಂಟಿಗೆ ನಾನು ಹೇಳಿದ್ದು ಇಷ್ಟೇ: “ಸದ್ಯಕ್ಕೆ ಏನೂ ಮಾಡಿಸ್ಬೇಡಿ, ಕೇಳಿ ಹೇಳ್ತೀನಿ.” ಮಾರನೇ ದಿನವೇ ನನ್ನ ಪೋಸ್ಟಿಂಗ್ ಬೇರೆ ವಾರ್ಡಿಗೆ ಬದಲಾಯಿತು. ವಾಪಸ್ ಹೋಗಿ ನೋಡೋಷ್ಟರಲ್ಲಿ ಅವರು ಡಿಸ್ಚಾರ್ಜ್ ಆಗಿದ್ರು. 2006ರಲ್ಲೇ ಅಚ್ಚಾಗಿದ್ದ ಉತ್ತರ ಅವರಿಗೆ ಸಿಗಲಿಲ್ಲ. ಇವತ್ತಾಗಿದ್ರೆ ಹೇಳ್ತಿದ್ದೆ: “ಮಾಡಿಸಿ ಆಂಟಿ, ಹೆದರ್ಬೇಡಿ. ಎಷ್ಟು, ಹೇಗೆ ಅಂತ ನಾನು ತೋರಿಸ್ತೀನಿ.”

ನಿಮ್ಮ ಜಿಲ್ಲೆ ಯಾವುದು? ಕೆಳಗೆ ಬರೀರಿ, ಅಕ್ಕಪಕ್ಕದವರನ್ನ ಜೋಡಿಸೋಣ.

#ಫಿಸಿಯೋಇತಿಹಾಸ #ನ್ಯೂರೋಫಿಸಿಯೋ #ಕನ್ನಡದಲ್ಲಿಕಲಿಯೋಣ