ದೂರದ ಯುದ್ಧ, ತಪ್ಪಿದ ಮಳೆ ಮತ್ತು ಶ್ರಾವಕನ ದಾಸ್ತಾನು

ಕರ್ನಾಟಕದಲ್ಲಿ ಜೈನಧರ್ಮದ ಇತಿಹಾಸವು ಬರಗಾಲದ ಪ್ರಸಂಗದೊಡನೆ ಹೆಣೆದುಕೊಂಡಿರುವುದು ಗಮನಾರ್ಹವಾದ ಸಂಗತಿ. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮ ತಲೆದೋರುವುದೆಂದು ಭದ್ರಬಾಹು ಸ್ವಾಮಿಗಳು ಮುಂಚಿತವಾಗಿ ತಿಳಿಸಲು, ಮುನಿಸಂಘವು ದಕ್ಷಿಣಾಪಥಕ್ಕೆ ಹೊರಟುಬಂದಿತೆಂದು ಶ್ರವಣಬೆಳಗೊಳದ ಚಂದ್ರಗಿರಿಯ ಸುಮಾರು ಕ್ರಿ.ಶ. 600ರ ಶಾಸನವು ಹೇಳುತ್ತದೆ. ಮಳೆಯ ಜೊತೆಗೆ ಪರದೇಶದ ಯುದ್ಧವೂ ನಮ್ಮ ನಾಡಿನ ಪೇಟೆಯ ಧಾರಣೆಯನ್ನು ಆಳುವುದು 19ನೇ ಶತಮಾನದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ, ದಕ್ಷಿಣದ ಬಂದರುಗಳಿಗೆ ನೌಕಾಪಡೆಯ ಮುತ್ತಿಗೆ ಬಿದ್ದಿತು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲದಂತಾಯಿತು. ಆಗ ಅವರ ದೃಷ್ಟಿ ಧಾರವಾಡ ಸೀಮೆಯ ಎರೆಭೂಮಿಯ ಮೇಲೆ ಬಿದ್ದಿತು. ಅಮೆರಿಕದ ಬೀಜದಿಂದ ಬೆಳೆದ 'ಧಾರವಾಡ-ಅಮೆರಿಕನ್' ಹತ್ತಿ ಅಲ್ಲಿ ಮೊದಲೇ ನೆಲೆಯೂರಿತ್ತು. ಕಾರವಾರದಿಂದ ಹತ್ತಿಯನ್ನು ಸಾಗಿಸುವ ಉದ್ದೇಶದಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಲಾಯಿತು. ಬೆಲೆ ಏರಿದಂತೆ ಲೋಭವೂ ಏರಿತು. ಹತ್ತಿಯಲ್ಲಿ ಕಲಬೆರಕೆಯು ಎಷ್ಟು ವ್ಯಾಪಿಸಿತೆಂದರೆ, ಅದನ್ನು ತಡೆಯಲು ಮುಂಬಯಿ ಸರಕಾರವು 1863ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ತರಬೇಕಾಯಿತು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಅತಿಚಾರವೆಂದು ಎಣಿಸಿದ 'ಪ್ರತಿರೂಪಕ ವ್ಯವಹಾರ'ವು ಇದೇ ಅಲ್ಲವೇ? 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಕುಸಿಯಿತು, ಮುಂಬಯಿಯಲ್ಲಿ ಬ್ಯಾಂಕುಗಳೂ ಕಂಪನಿಗಳೂ ದಿವಾಳಿಯೆದ್ದವು.

ಮುಂದಿನ ದಶಕದಲ್ಲಿ ಮಳೆಯ ಸರದಿ. 1876ರಲ್ಲಿ ಮುಂಗಾರು ಕೈಕೊಟ್ಟು, ಮೈಸೂರು ಸೀಮೆಯಲ್ಲಿ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮ ತಲೆದೋರಿತು. ಶಾಂತಸಾಗರದ ನೀರು ಮಿತಿಮೀರಿ ಬಿಸಿಯಾಗುವ 'ಎಲ್ ನಿನೋ' ಆ ವರ್ಷಗಳಲ್ಲಿ ಉಗ್ರವಾಗಿತ್ತೆಂದು ಇಂದಿನ ವಿಜ್ಞಾನಿಗಳು ಹೇಳುತ್ತಾರೆ. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41.9 ಲಕ್ಷಕ್ಕೆ ಇಳಿದಿತ್ತು. ದೇಶದಲ್ಲಿ ಕಾಳು ಇರಲಿಲ್ಲವೆಂದಲ್ಲ. ಅದೇ ವರ್ಷಗಳಲ್ಲಿ ಭಾರತದ ಗೋಧಿ ಇಂಗ್ಲೆಂಡಿಗೆ ಹಡಗೇರುತ್ತಿತ್ತು. ವ್ಯಾಪಾರದಲ್ಲಿ ಕೈಹಾಕಲಾಗದೆಂದು ಲಿಟ್ಟನ್ನನ ಸರಕಾರ ಸುಮ್ಮನಿದ್ದಿತು. ಕೊಳ್ಳುವ ಶಕ್ತಿಯಿಲ್ಲದವನು ಸತ್ತನು. ಇಂದು ನಮ್ಮ ಕೆಂಗೇರಿಯ ಮೂಲಕ ಸಾಗುವ ಬೆಂಗಳೂರು-ಮೈಸೂರು ರೈಲುಮಾರ್ಗವು ಆ ಕ್ಷಾಮಕಾಲದಲ್ಲಿ ಪರಿಹಾರ ಕಾಮಗಾರಿಯಾಗಿ ಕೈಗೊಂಡದ್ದೆಂಬುದನ್ನು ಅದರಲ್ಲಿ ಪ್ರಯಾಣಿಸುವ ಎಷ್ಟು ಮಂದಿ ಬಲ್ಲರು?

ಇವು ಹಳೆಯ ಕಥೆಗಳೆಂದು ಭಾವಿಸಲಾಗದು. 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಯುದ್ಧ ಆರಂಭವಾದೊಡನೆ ರಾಜಾಜಿನಗರ, ವಿಜಯನಗರಗಳ ಅಂಗಡಿಗಳಲ್ಲಿಯೂ ಸೂರ್ಯಕಾಂತಿ ಎಣ್ಣೆ ತುಟ್ಟಿಯಾಯಿತು. ಮಾರ್ಚಿಯ ಬಿಸಿಗಾಳಿ ಉತ್ತರದ ಗೋಧಿಯನ್ನು ಬಾಡಿಸಲು, ಮೇ ತಿಂಗಳಲ್ಲಿ ಸರಕಾರ ಗೋಧಿಯ ರಫ್ತನ್ನು ನಿಷೇಧಿಸಿತು. 2023ರಲ್ಲಿ ಕರ್ನಾಟಕದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು.

ಧಾರಣೆಯನ್ನು ಲೋಕವೇ ನಿರ್ಣಯಿಸುವಾಗ ಅಂಗಡಿಯವನು ಏನು ಮಾಡಿಯಾನೆಂದು ಕೆಲವರು ಕೇಳುವುದುಂಟು. ಕೊಳ್ಳುವ ಬೆಲೆ ನಮ್ಮ ಕೈಯಲ್ಲಿಲ್ಲ, ನಿಜ. ದಾಸ್ತಾನು ಮತ್ತು ಲಾಭದ ಪ್ರಮಾಣಗಳು ನಮ್ಮ ಕೈಯಲ್ಲಿಯೇ ಇವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ 'ಅತಿಸಂಗ್ರಹ'ವನ್ನು ಪರಿಗ್ರಹ ಪರಿಮಾಣವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಸುಗ್ಗಿಯಲ್ಲಿ ಕೊಂಡು ಮಳೆಗಾಲದಲ್ಲಿ ಮಾರುವುದು ವಣಿಕನ ವೃತ್ತಿಧರ್ಮ. ಅದರಿಂದ ಊರಿಗೂ ಉಪಕಾರವಿದೆ. ಆದರೆ ನೆರೆಯವನ ಕೊರತೆ ಇನ್ನಷ್ಟು ಹೆಚ್ಚಲೆಂದು ಹಾರೈಸಿ ಮಳಿಗೆಗೆ ಬೀಗ ಹಾಕಿದ ಕ್ಷಣವೇ ಸಂಗ್ರಹವು ಅತಿಸಂಗ್ರಹವಾಗುತ್ತದೆ. ಕಾನೂನಿನ ಕಣ್ಣಿಗೆ ಬೀಳದಿದ್ದರೂ ಅದು ವ್ರತಕ್ಕೆ ತಗಲುವ ದೋಷವೇ ಸರಿ.

ದಶಲಕ್ಷಣ ಪರ್ವದಲ್ಲಿ ನಾವು ಆಹಾರಕ್ಕೆ ನಿಯಮ ಹಾಕಿಕೊಳ್ಳುತ್ತೇವೆ. ಅಂದೇ ವ್ಯಾಪಾರಿ ಬಂಧುಗಳು ದಾಸ್ತಾನಿಗೂ ಲಾಭಕ್ಕೂ ಒಂದು ಪರಿಮಾಣವನ್ನು ಬರೆದಿಟ್ಟುಕೊಳ್ಳಲಿ. ಬಸದಿಗಳ ಟ್ರಸ್ಟುಗಳು ಒಳ್ಳೆಯ ವರ್ಷದ ಆದಾಯದಲ್ಲಿ ಒಂದಂಶವನ್ನು ಬರದ ವರ್ಷದ ಆಹಾರದಾನಕ್ಕೆಂದು ಬೇರೆ ಖಾತೆಯಲ್ಲಿ ತೆಗೆದಿರಿಸಲಿ. ಅದರ ಲೆಕ್ಕವನ್ನು ವಾರ್ಷಿಕ ಸಭೆಯಲ್ಲಿ ಓದಲಿ. ಕ್ಷಾಮ ಬಂದ ಮೇಲೆ ಚಂದಾ ಎತ್ತುವುದಕ್ಕಿಂತ ಇದು ಮೇಲು.