ಮನೆಯ ಜಾಲದಲ್ಲಿ ಡಿಎನ್‌ಎಸ್ ದೋಷಪತ್ತೆ

ಇಂಟರ್ನೆಟ್ ಸಂಪರ್ಕ ಇದ್ದೂ ಜಾಲತಾಣದ ಹೆಸರಿಗೆ ಸರಿಯಾದ ಐಪಿ ವಿಳಾಸ ಸಿಗದಿದ್ದರೆ ಅದು ಡಿಎನ್‌ಎಸ್ ದೋಷ. ವೈಫೈ ಗುರುತು ತುಂಬಿರುತ್ತದೆ, ಮೊದಲೇ ಶುರುವಾದ ವಿಡಿಯೊ ಓಡುತ್ತಲೇ ಇರುತ್ತದೆ, ಹೊಸ ಪುಟ ಮಾತ್ರ ತೆರೆಯುವುದಿಲ್ಲ. ‘ನೆಟ್ ಇದೆ, ಸೈಟ್ ಓಪನ್ ಆಗ್ತಿಲ್ಲ’ ಎಂಬ ದೂರು ಎಷ್ಟೋ ಸಲ ಇದರದ್ದೇ. ಹೆಚ್ಚಿನವರು ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡುತ್ತಾರೆ. ಹಲವು ಬಾರಿ ಅಷ್ಟಕ್ಕೇ ಸರಿಹೋಗುತ್ತದೆ. ಕೆಟ್ಟದ್ದು ಯಾವುದೆಂದು ಮಾತ್ರ ತಿಳಿಯುವುದಿಲ್ಲ, ಮುಂದಿನ ವಾರ ಅದೇ ಕಥೆ.

ಡಿಎನ್‌ಎಸ್ ಬರುವ ಮೊದಲು ಜಾಲದ ಎಲ್ಲ ಕಂಪ್ಯೂಟರುಗಳ ಹೆಸರೂ ವಿಳಾಸವೂ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯದ ಎಸ್‌ಆರ್‌ಐ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿತ್ತು. ಜಾಲ ಬೆಳೆದಂತೆ ಕಡತ ಸಾಲದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ವ್ಯವಸ್ಥೆ ಈ ಹೊಣೆಯನ್ನು ಹಲವರಿಗೆ ಹಂಚಿತು. 1987ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 1034 ಮತ್ತು 1035 ಎಂಬ ತಾಂತ್ರಿಕ ದಾಖಲೆಗಳು ಇಂದಿಗೂ ಅದರ ಬುನಾದಿ. ಹಳೆಯ ಕಡತವೂ ಪೂರ್ತಿ ಹೋಗಿಲ್ಲ: ಇಂದಿನ ಪ್ರತಿ ಕಂಪ್ಯೂಟರಿನಲ್ಲಿ ಹೋಸ್ಟ್ಸ್ ಎಂಬ ಪುಟ್ಟ ಫೈಲಾಗಿ ಅದು ಉಳಿದಿದೆ. ಡಿಎನ್‌ಎಸ್ ಸರ್ವರನ್ನು ಕೇಳುವ ಮೊದಲು ಕಂಪ್ಯೂಟರು ಅದನ್ನೇ ನೋಡುತ್ತದೆ.

ಕನ್ನಡ ವಿಕಿಪೀಡಿಯದ ಹೆಸರನ್ನು ಬ್ರೌಸರಿನಲ್ಲಿ ಟೈಪ್ ಮಾಡಿದರೆ ಪ್ರಶ್ನೆ ಹಲವರ ಕೈದಾಟುತ್ತದೆ. ಬ್ರೌಸರು ತನ್ನ ನೆನಪನ್ನು, ಅಂದರೆ ಕ್ಯಾಶನ್ನು, ನೋಡಿಕೊಳ್ಳುತ್ತದೆ, ಆಮೇಲೆ ವಿಂಡೋಸ್ ಅಥವಾ ಲಿನಕ್ಸ್, ಆಮೇಲೆ ರೂಟರ್, ಅದು ಸಾಮಾನ್ಯವಾಗಿ ಇಂಟರ್ನೆಟ್ ಕಂಪನಿಯ ಸರ್ವರಿಗೆ ದಾಟಿಸುತ್ತದೆ. ಅಲ್ಲಿಯೂ ಉತ್ತರ ಇಲ್ಲವಾದರೆ ಆ ಸರ್ವರು 13 ಹೆಸರುಗಳ ಮೂಲ ಸರ್ವರುಗಳಲ್ಲೊಂದನ್ನು, ಅದು ತೋರಿಸಿದ ‘ಆರ್ಗ್’ ಸರ್ವರನ್ನು, ಕೊನೆಗೆ ವಿಕಿಪೀಡಿಯದ ಸ್ವಂತ ಸರ್ವರನ್ನು ಕೇಳಿಕೊಂಡು ಬರುತ್ತದೆ. ಉತ್ತರದ ಜೊತೆಗೆ ಅದನ್ನು ಎಷ್ಟು ಸೆಕೆಂಡು ನೆನಪಿಡಬಹುದೆಂಬ ಲೆಕ್ಕವೂ ಇರುತ್ತದೆ. ಇದೇ ಟಿಟಿಎಲ್. ನಡುವಿನ ಯಾರಾದರೂ ಮೌನವಾಗಬಹುದು, ಹಳೆಯದನ್ನೇ ಹೇಳುತ್ತಿರಬಹುದು, ಸುಳ್ಳೂ ಹೇಳಬಹುದು. ದೋಷಪತ್ತೆಯೆಂದರೆ ಒಂದೇ ಪ್ರಶ್ನೆಯನ್ನು ಇವರಲ್ಲಿ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕೇಳಿ, ಯಾರ ಮಾತು ತಪ್ಪುತ್ತಿದೆ ಎಂದು ಹಿಡಿಯುವುದು.

ಮೊದಲು ದಾರಿ ತೆರೆದಿದೆಯೇ ನೋಡಬೇಕು. ಕಮಾಂಡ್ ಕಿಟಕಿಯಲ್ಲಿ 8.8.8.8 ಎಂಬ ಸಾರ್ವಜನಿಕ ಡಿಎನ್‌ಎಸ್ ಸರ್ವರಿನ ವಿಳಾಸಕ್ಕೆ ಪಿಂಗ್ ಕಳಿಸಿದಾಗ ಉತ್ತರ ಮರಳಿ ಬಂದರೆ ಸಂಪರ್ಕ ಚೆನ್ನಾಗಿದೆ, ತಕರಾರು ಹೆಸರಿನದ್ದು. ಬಾರದಿದ್ದರೆ ಡಿಎನ್‌ಎಸ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಕೇಬಲ್, ರೂಟರ್ ದೀಪ, ರೀಚಾರ್ಜ್ ಇವನ್ನು ನೋಡುವುದು ಒಳ್ಳೆಯದು. ಸ್ಥಳೀಯ ಬ್ರಾಡ್‌ಬ್ಯಾಂಡಿನ ಲಾಗಿನ್ ಅವಧಿ ಮುಗಿದಾಗಲೂ ಹೀಗೇ ಆಗುವುದುಂಟು.

ಮುಂದಿನ ಸಲಕರಣೆ ಎನ್‌ಎಸ್‌ಲುಕಪ್. ಕಮಾಂಡಿನ ಮುಂದೆ ತಾಣದ ಹೆಸರು ಬರೆದು ಎಂಟರ್ ಒತ್ತಿದಾಗ ಬರುವ ಮೊದಲ ಎರಡು ಸಾಲುಗಳನ್ನು ಯಾರೂ ಓದುವುದಿಲ್ಲ, ಓದಬೇಕಾದದ್ದು ಅವನ್ನೇ. ಉತ್ತರ ಕೊಡುತ್ತಿರುವ ಸರ್ವರಿನ ಹೆಸರು, ವಿಳಾಸ ಅಲ್ಲಿರುತ್ತದೆ. 192.168.1.1 ಎಂದಿದ್ದರೆ ಬಹುತೇಕ ರೂಟರೇ ಮಾತಾಡುತ್ತಿದೆ. ಕೆಳಗೆ ಬರುವ ‘ನಾನ್ ಆಥೊರಿಟೇಟಿವ್ ಆನ್ಸರ್’ ಎಂಬ ಸಾಲು ಕಂಡು ಗಾಬರಿಯಾಗಬೇಕಿಲ್ಲ. ಅದು ದೋಷವಲ್ಲ, ಉತ್ತರ ತಾಣದ ಸ್ವಂತ ಸರ್ವರಿನಿಂದ ನೇರ ಬಂದಿಲ್ಲ, ನಡುವಿನವರು ಹೇಳಿದ್ದು ಎಂದಷ್ಟೇ ಅರ್ಥ. ಈಗ ಅದೇ ಕಮಾಂಡಿನ ಕೊನೆಗೆ ಒಂದು ಸ್ಥಳ ಬಿಟ್ಟು 1.1.1.1 ಎಂದು ಸೇರಿಸಿದರೆ ಪ್ರಶ್ನೆ ರೂಟರನ್ನು ಬಿಟ್ಟು ಕ್ಲೌಡ್‌ಫ್ಲೇರ್ ಸರ್ವರಿಗೆ ಹೋಗುತ್ತದೆ. ಅಲ್ಲಿ ಉತ್ತರ ಸಿಕ್ಕಿ ರೂಟರಿನಲ್ಲಿ ಸಿಗದಿದ್ದರೆ ಕೆಟ್ಟಿರುವುದು ರೂಟರ್ ಅಥವಾ ಅದರ ಹಿಂದಿನ ಕಂಪನಿಯ ಸರ್ವರ್.

ಉತ್ತರ ಸಿಗದಿರುವುದರಲ್ಲೂ ಬಗೆಗಳಿವೆ. ‘ಟೈಮ್ಡ್ ಔಟ್’ ಎಂದರೆ ಎದುರಿನವರು ಬಾಯಿ ಬಿಡಲಿಲ್ಲ. ‘ಎನ್‌ಎಕ್ಸ್‌ಡೊಮೈನ್’ ಎಂದರೆ ಅಂಥ ಹೆಸರೇ ಇಲ್ಲ, ಕಾಗುಣಿತ ತಪ್ಪಿರಬಹುದು. ಹೊಸದಾಗಿ ಕೊಂಡ ಹೆಸರನ್ನು ಅವಸರಪಟ್ಟು ಮೊದಲೇ ಹುಡುಕಿದವರಿಗೂ ಇದೇ ಕಾಟ: ‘ಇಲ್ಲ’ ಎಂಬ ಉತ್ತರವನ್ನೂ ಸರ್ವರುಗಳು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತವೆ. ‘ಸರ್ವ್‌ಫೇಲ್’ ಎಂದರೆ ಕೇಳಿದ ಸರ್ವರಿಗೆ ಒಪ್ಪತಕ್ಕ ಉತ್ತರ ಸಿಗಲಿಲ್ಲ. ಉತ್ತರ ಅಸಲಿಯೆಂದು ತೋರಿಸುವ ಡಿಎನ್‌ಎಸ್‌ಸೆಕ್ ಸಹಿ ಹೊಂದದಿದ್ದಾಗ ಬರುವುದೂ ಇದೇ.

ಕರೆಂಟು ಹೋಗಿ ಬಂದ ಮೇಲೆ ಸರ್ವ್‌ಫೇಲ್ ಶುರುವಾದರೆ ರೂಟರಿನ ಗಡಿಯಾರ ನೋಡಬೇಕು. ಮನೆಯ ರೂಟರುಗಳಲ್ಲಿ ಹೆಚ್ಚಾಗಿ ಬ್ಯಾಟರಿ ಗಡಿಯಾರ ಇರುವುದಿಲ್ಲ. ಎದ್ದಾಗ ಯಾವುದೋ ಹಳೆಯ ತಾರೀಕಿನಲ್ಲಿರುತ್ತವೆ. ಸಹಿ ಪರೀಕ್ಷೆಯನ್ನು ರೂಟರೇ ಮಾಡುವಂತೆ ಇಟ್ಟಿದ್ದರೆ, ತಾರೀಕು ತಪ್ಪಾದ್ದರಿಂದ ಅದಕ್ಕೆ ಎಲ್ಲ ಸಹಿಯೂ ಅಸಿಂಧು. ತಾರೀಕು ಸರಿಪಡಿಸಿಕೊಳ್ಳಲು ಸಮಯದ ಸರ್ವರನ್ನು ಕೇಳಬೇಕು. ಅದರ ವಿಳಾಸ ತಿಳಿಯಲು ಡಿಎನ್‌ಎಸ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಸಮಯದ ಸರ್ವರನ್ನು ಹೆಸರಿನ ಬದಲು ಅಂಕಿಯ ವಿಳಾಸದಲ್ಲೇ ಬರೆದಿಟ್ಟರೆ ಗಂಟು ಬಿಚ್ಚುತ್ತದೆ.

ಎನ್‌ಎಸ್‌ಲುಕಪ್ ಸರಿಯಾದ ಉತ್ತರ ಕೊಟ್ಟು, ಅದೇ ಹೆಸರಿಗೆ ಪಿಂಗ್ ಮಾಡಿದಾಗ ‘ಹೋಸ್ಟ್ ಸಿಗಲಿಲ್ಲ’ ಎಂದು ಬಂದರೆ ಗೊಂದಲಪಡುವವರು ಬಹಳ. ಎನ್‌ಎಸ್‌ಲುಕಪ್ ನೇರ ಸರ್ವರನ್ನೇ ಕೇಳುತ್ತದೆ. ಹೋಸ್ಟ್ಸ್ ಫೈಲನ್ನಾಗಲಿ ವಿಂಡೋಸಿನ ಕ್ಯಾಶನ್ನಾಗಲಿ ನೋಡುವುದಿಲ್ಲ. ಪಿಂಗ್ ಎರಡನ್ನೂ ನೋಡುತ್ತದೆ. ಹಾಗಾಗಿ ತಪ್ಪು ಕಂಪ್ಯೂಟರಿನೊಳಗೇ ಇದೆ. ವಿಂಡೋಸಿನಲ್ಲಿ ಐಪಿಕಾನ್ಫಿಗ್ ಕಮಾಂಡಿಗೆ ಫ್ಲಶ್‌ಡಿಎನ್‌ಎಸ್ ಸೇರಿಸಿ ಕ್ಯಾಶ್ ಖಾಲಿ ಮಾಡಬೇಕು. ಆಮೇಲೂ ಹಾಗೇ ಇದ್ದರೆ ಹೋಸ್ಟ್ಸ್ ಫೈಲಿನಲ್ಲಿ ಯಾರು ಏನು ಬರೆದಿಟ್ಟಿದ್ದಾರೆಂದು ತೆರೆದು ನೋಡಬೇಕು.

ಇದಕ್ಕೆ ತಿರುಗುಮುರುಗಾದದ್ದೂ ಇದೆ: ಬ್ರೌಸರಿನಲ್ಲಿ ಎಲ್ಲವೂ ತೆರೆಯುತ್ತದೆ, ಉಳಿದ ಪ್ರೋಗ್ರಾಮುಗಳಿಗೆ ಹೆಸರೇ ಸಿಗುವುದಿಲ್ಲ. 2018ರಲ್ಲಿ ಆರ್‌ಎಫ್‌ಸಿ 8484 ಬಂದ ಮೇಲೆ ಬ್ರೌಸರುಗಳು ಡಿಎನ್‌ಎಸ್ ಪ್ರಶ್ನೆಯನ್ನು ಗೂಢಲಿಪಿಯಲ್ಲಿ, ರೂಟರನ್ನು ಕೇಳದೆ, ತಮಗೆ ಬೇಕಾದ ಸರ್ವರಿಗೆ ಕಳಿಸಬಲ್ಲವು. ಗೋಪ್ಯತೆಗೆ ಒಳ್ಳೆಯದೇ. ಆದರೆ ಮಕ್ಕಳಿಗೆಂದು ರೂಟರಿನಲ್ಲಿ ಹಾಕಿದ ತಡೆಯೂ ಇದರಿಂದ ಕೆಲಸಕ್ಕೆ ಬಾರದಾಗುತ್ತದೆ.

ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಸರ್ವರಿನ ವಿಳಾಸ ಬದಲಿಸಿದರೂ ಏನೂ ಬದಲಾಗದಿದ್ದರೆ ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯ ಸೆಟ್ಟಿಂಗ್ ನೋಡಬೇಕು. ಐಪಿವಿ4 ಸೆಟ್ಟಿಂಗಿನಲ್ಲಿ 8.8.8.8 ಬರೆದಿದ್ದರೂ ರೂಟರು ಐಪಿವಿ6 ಮೂಲಕ ಇನ್ನೊಂದು ಸರ್ವರನ್ನು ಕೊಡುತ್ತಿರಬಹುದು, ಕಂಪ್ಯೂಟರು ಅದನ್ನೇ ಕೇಳುತ್ತಿರಬಹುದು. ಪ್ರತಿ ಹೊಸ ತಾಣಕ್ಕೂ ಹೆಚ್ಚುಕಡಿಮೆ 5 ಸೆಕೆಂಡು ಕಾಯಿಸಿ ಆಮೇಲೆ ಸರಸರ ತೆರೆದರೆ ಡಿಎನ್‌ಎಸ್ ಸರ್ವರುಗಳ ಪಟ್ಟಿಯ ಮೊದಲ ಸರ್ವರು ಸತ್ತಿದೆ ಎಂದು ಅನುಮಾನಿಸಬಹುದು. ಲಿನಕ್ಸಿನಲ್ಲಿ ಮುಂದಿನ ಸರ್ವರಿಗೆ ಹೋಗುವ ಮೊದಲು ಕಾಯುವ ವಾಡಿಕೆಯ ಅವಧಿ ಅಷ್ಟೇ.

ಪಟ್ಟಿಯಲ್ಲಿ ಗುರುತಿಲ್ಲದ ವಿಳಾಸ ಕಂಡರೆ ಅಸಡ್ಡೆ ಮಾಡಬಾರದು. ಡಿಎನ್‌ಎಸ್‌ಚೇಂಜರ್ ಎಂಬ ದುಷ್ಟ ತಂತ್ರಾಂಶ ಸುಮಾರು 40 ಲಕ್ಷ ಕಂಪ್ಯೂಟರುಗಳನ್ನು ಹೀಗೇ ವಂಚಕರ ಸರ್ವರಿಗೆ ತಿರುಗಿಸಿತ್ತು. 2011ರ ನವೆಂಬರಿನಲ್ಲಿ ಎಫ್‌ಬಿಐ ಆ ಜಾಲವನ್ನು ಬಯಲಿಗೆಳೆದರೂ ಸರ್ವರುಗಳನ್ನು ಒಮ್ಮೆಗೇ ನಿಲ್ಲಿಸಲಾಗಲಿಲ್ಲ. ನಿಲ್ಲಿಸಿದ್ದರೆ ಅಷ್ಟೂ ಜನರ ಇಂಟರ್ನೆಟ್ ಕೈಕೊಡುತ್ತಿತ್ತು. ಬದಲಿ ಸರ್ವರುಗಳನ್ನು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ರೂಟರಿನ ಪಾಸ್‌ವರ್ಡ್ ಇನ್ನೂ ‘ಅಡ್ಮಿನ್’ ಎಂದೇ ಇರುವ ಮನೆಗಳಿಗೆ ಇಂಥ ಅಪಾಯ ಹತ್ತಿರ. ಇಂಟರ್ನೆಟ್ ಕಂಪನಿಯ ಉತ್ತರ ಬೇರೆಯಾಗಿ ಬಂದ ಮಾತ್ರಕ್ಕೆ ಮೋಸ ಎನ್ನಲೂ ಆಗದು. ಭಾರತದಲ್ಲಿ ಸರ್ಕಾರ ಅಥವಾ ನ್ಯಾಯಾಲಯ ತಡೆಯಲು ಹೇಳಿದ ತಾಣಗಳನ್ನು ಕಂಪನಿಗಳು ಹಲವು ಬಾರಿ ಡಿಎನ್‌ಎಸ್‌ನಲ್ಲೇ ತಡೆಯುತ್ತವೆ.

ತಪ್ಪು ಮನೆಯದ್ದೇ ಅಲ್ಲದಿರುವುದೂ ಉಂಟು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ಕಿನ ಡಿಎನ್‌ಎಸ್ ಸರ್ವರುಗಳಿಗೆ ಹೋಗುವ ದಾರಿಯೇ ಜಾಲದಿಂದ ಅಳಿಸಿಹೋಗಿ, ವಾಟ್ಸಾಪ್ ಸೇರಿದಂತೆ ಅದರ ಸೇವೆಗಳು ಸುಮಾರು 6 ಗಂಟೆ ನಿಂತಿದ್ದವು. ಮೊಬೈಲಿನ ವೈಫೈ ಆಫ್ ಮಾಡಿ ಸಿಮ್ ಡೇಟಾದಲ್ಲಿ ಅದೇ ತಾಣ ತೆರೆದು ನೋಡುವುದು ಇಂಥ ಹೊತ್ತಿನ ಸುಲಭ ಪರೀಕ್ಷೆ. ಅಲ್ಲೂ ತೆರೆಯದಿದ್ದರೆ ರೂಟರನ್ನು ಬೈಯುವುದು ಬೇಡ.

ಕನ್ನಡ ಲಿಪಿಯ ‘.ಭಾರತ’ ಹೆಸರುಗಳಿಗೆ ಒಂದು ಹೆಚ್ಚಿನ ತೊಡಕಿದೆ. ಬ್ರೌಸರು ಅವನ್ನು ಎಕ್ಸ್‌ಎನ್ ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ ರೋಮನ್ ರೂಪಕ್ಕೆ, ಅಂದರೆ ಪ್ಯೂನಿಕೋಡಿಗೆ, ಬದಲಿಸಿ ಕೇಳುತ್ತದೆ. ಕಮಾಂಡ್ ಕಿಟಕಿಯ ಎಲ್ಲ ಸಲಕರಣೆಗಳೂ ಈ ಬದಲಾವಣೆಯನ್ನು ತಾವಾಗಿ ಮಾಡುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಬರೆದಾಗ ‘ಇಲ್ಲ’ ಎಂದ ಹೆಸರು ಪ್ಯೂನಿಕೋಡಿನಲ್ಲಿ ಬರೆದಾಗ ಸಿಗಬಹುದು.

ಮನೆಯ ಪ್ರಿಂಟರಿನ ವಿಷಯವೇ ಬೇರೆ. ‘ಲೋಕಲ್’ ಎಂದು ಕೊನೆಯಾಗುವ ಅದರ ಹೆಸರನ್ನು ಹೊರಗಿನ ಯಾವ ಸರ್ವರೂ ಅರಿಯದು. ಎಂಡಿಎನ್‌ಎಸ್ ಎಂಬ ಪದ್ಧತಿಯಲ್ಲಿ ಕಂಪ್ಯೂಟರು ಮನೆಯ ಜಾಲಕ್ಕೆಲ್ಲ ಕೇಳುವಂತೆ ಹೆಸರು ಕೂಗುತ್ತದೆ, ಪ್ರಿಂಟರು ತಾನೇ ಓಗೊಡುತ್ತದೆ. ಲ್ಯಾಪ್‌ಟಾಪ್ ಅತಿಥಿಗಳ ವೈಫೈಯಲ್ಲಿದ್ದು ಪ್ರಿಂಟರು ಮನೆಯವರ ವೈಫೈಯಲ್ಲಿದ್ದರೆ ಕೂಗು ಅಲ್ಲಿಗೆ ಮುಟ್ಟುವುದಿಲ್ಲ. ಸರ್ವರಿನ ವಿಳಾಸ ಎಷ್ಟು ಬದಲಿಸಿದರೂ ಹಾಳೆ ಹೊರಬರುವುದಿಲ್ಲ.